ಲಿಪಿ ಬೇರೆ, ಪಾಠ ಒಂದೇ

ಸಂಸ್ಕೃತವನ್ನು ಓದಿದವರಿಗೆ ಒಂದು ಅನುಭವವು ತಪ್ಪದೆ ಬರುತ್ತದೆ. ಬಾಲ್ಯದಿಂದ ಕಂಠಸ್ಥವಾದ ಶ್ಲೋಕವೇ ನಂದಿನಾಗರಿಯಲ್ಲಿಯೋ ಗ್ರಂಥಲಿಪಿಯಲ್ಲಿಯೋ ಬರೆದ ಓಲೆಯಲ್ಲಿದ್ದರೆ, ದೇವನಾಗರಿಯನ್ನಷ್ಟೇ ಬಲ್ಲ ಪಂಡಿತನು ಅದರ ಮುಂದೆ ನಿರಕ್ಷರನಂತೆ ಕುಳಿತುಕೊಳ್ಳಬೇಕಾಗುತ್ತದೆ. ಪಾಠವು ಅಳಿದಿಲ್ಲ, ಲಿಪಿಯ ಪರಿಚಯವಿಲ್ಲ, ಅಷ್ಟೆ. ಗಣಕಯಂತ್ರದ ಹಾರ್ಡ್ ಡಿಸ್ಕಿನ ವಿಷಯದಲ್ಲಿಯೂ ಇದೇ ನ್ಯಾಯವೆಂಬುದನ್ನು ಗೃಹಸ್ಥರು ತಿಳಿದಿರುವುದು ಅವಶ್ಯ.

ತುಂಗಭದ್ರೆಯ ದಂಡೆಯ ಮೇಲಿನ ನಮ್ಮ ಸಿಂಗಟಾಲೂರಿನ ಮನೆಯಲ್ಲಿ, ನಮ್ಮ ತಾಯಿಯವರು ಹಾಡಿದ ಬೀಸುವ ಪದಗಳನ್ನು 2009ರಲ್ಲಿ ಧ್ವನಿಮುದ್ರಿಸಿ ಇಟ್ಟಿದ್ದೆವು. ತಾಯಿಯವರು ಈಗಿಲ್ಲ, ಆ ಕಂಠವು ಉಳಿದಿರುವುದು ಒಂದು ಡಿಸ್ಕಿನಲ್ಲಿ ಮಾತ್ರ. 2025ರ ಅಕ್ಟೋಬರ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲವು ಮುಗಿಯಿತು. ನಮ್ಮ ಹಳೆಯ ಯಂತ್ರವು ವಿಂಡೋಸ್ 11ಕ್ಕೆ ಅರ್ಹವಾಗಿರಲಿಲ್ಲವಾದುದರಿಂದ ನಮ್ಮ ಮಗನು ಅದಕ್ಕೆ ಲಿನಕ್ಸನ್ನು ಹಾಕಿ, ಪದಗಳ ಡಿಸ್ಕನ್ನೂ ಲಿನಕ್ಸಿನ ಕ್ರಮದಲ್ಲಿಯೇ ಸಿದ್ಧಪಡಿಸಿದನು. ಲಿನುಸ್ ಟೋರ್ವಾಲ್ಡ್ಸ್ ಎಂಬ ಫಿನ್ಲೆಂಡಿನ ವಿದ್ಯಾರ್ಥಿಯು 1991ರಲ್ಲಿ ಆರಂಭಿಸಿದ ಈ ವ್ಯವಸ್ಥೆಯು ನಮ್ಮವರಿಗೆ ಅಪರಿಚಿತವೇನಲ್ಲ. ಕೇರಳದ ಸರಕಾರಿ ಶಾಲೆಗಳಲ್ಲಿ ಇದನ್ನೇ ಬಳಸುವುದರಿಂದ ಕಾಸರಗೋಡಿನ ಕನ್ನಡ ಮಕ್ಕಳು ಇದನ್ನು ಬಲ್ಲರು.

ಲಕ್ಷ್ಮೇಶ್ವರದಲ್ಲಿರುವ ನಮ್ಮ ತಂಗಿಯು ಅವ್ವನ ಪದಗಳನ್ನು ಕೇಳಬೇಕೆಂದು ಆ ಡಿಸ್ಕನ್ನು ತರಿಸಿಕೊಂಡಳು. ಅವಳ ಮನೆಯಲ್ಲಿರುವುದು ವಿಂಡೋಸ್. ಡಿಸ್ಕನ್ನು ಜೋಡಿಸಿದೊಡನೆ ನಮಗೆ ಫೋನು ಬಂದಿತು: “ಅಣ್ಣಾ, ಫಾರ್ಮ್ಯಾಟ್ ಮಾಡ್ಲೇನು ಅಂತ ಕೇಳಾಕತ್ತೈತಿ, ಹೂಂ ಅನ್ನಲೇನು?”

“ಬ್ಯಾಡವ್ವಾ, ಏನೂ ಒತ್ತಬ್ಯಾಡ. ಡಿಸ್ಕ್ ತಗದು ಇಡು,” ಎಂದೆವು.

ಅವಳು ಕೇಳದೆ ಒಪ್ಪಿಗೆ ಕೊಟ್ಟಿದ್ದರೆ ಅವ್ವನ ದನಿಯು ಹೋದಂತೆಯೇ ಇತ್ತು. ಲಿನಕ್ಸಿನ ಇಎಕ್ಸ್‌ಟಿ4 ಎಂಬ ಕ್ರಮವನ್ನು ವಿಂಡೋಸು ತಾನಾಗಿ ಓದಲಾರದು. ತನಗೆ ತಿಳಿಯದ ಲಿಪಿಯನ್ನು ಕಂಡು, ಓಲೆಯನ್ನು ಒರೆಸಿ ಹೊಸದಾಗಿ ಬರೆಯಲೇ ಎಂದು ಅದು ಕೇಳುತ್ತದೆ. ಫಾರ್ಮ್ಯಾಟ್ ಎಂದರೆ ಇದೇ.

ವಿಂಡೋಸಿನ ಕ್ರಮವು ಎನ್‌ಟಿಎಫ್‌ಎಸ್, 1993ರಲ್ಲಿ ಬಂದುದು. ಲಿನಕ್ಸು ಇದನ್ನು ಓದಲೂ ಬರೆಯಲೂ ಬಲ್ಲದು. ಆದರೆ ಒಂದು ತೊಡಕುಂಟು. ಒಂದೇ ಯಂತ್ರದಲ್ಲಿ ಎರಡೂ ಇದ್ದಾಗ, ‘ಫಾಸ್ಟ್ ಸ್ಟಾರ್ಟಪ್’ ಎಂಬ ಏರ್ಪಾಡಿನಿಂದಾಗಿ ವಿಂಡೋಸು ಪೂರ್ಣವಾಗಿ ಮುಚ್ಚದೆ ಅರೆನಿದ್ರೆಗೆ ಹೋಗುತ್ತದೆ. ಒಬ್ಬನು ಬರೆಯುತ್ತ ಎದ್ದುಹೋದ ಪುಸ್ತಕದಲ್ಲಿ ಇನ್ನೊಬ್ಬನು ಕೈಯಾಡಿಸಬಾರದೆಂಬಂತೆ, ಲಿನಕ್ಸು ಆಗ ಓದಲು ಮಾತ್ರ ಒಪ್ಪುತ್ತದೆ, ಇಲ್ಲವೆ ತೆರೆಯುವುದೇ ಇಲ್ಲ. ಶಿಫ್ಟ್ ಕೀಲಿಯನ್ನು ಒತ್ತಿಹಿಡಿದು ವಿಂಡೋಸನ್ನು ಮುಚ್ಚಿದರೆ ಈ ತೊಡಕು ಇರದು.

ಇಬ್ಬರಿಗೂ ತಿಳಿದ ಲಿಪಿಯೊಂದಿದೆ: ಎಕ್ಸ್‌ಫ್ಯಾಟ್. ಇದರ ವಿವರಣೆಯು 2019ರಲ್ಲಿ ಎಲ್ಲರಿಗೂ ಬಹಿರಂಗವಾಯಿತು. ಹಳೆಯ ಫ್ಯಾಟ್32ರಲ್ಲಿ ಒಂದು ಕಡತವು 4 ಜಿಬಿ ಗಾತ್ರವನ್ನು ಮುಟ್ಟುವಂತಿಲ್ಲ. ಇದರಲ್ಲಿ ಆ ಅಡ್ಡಿಯಿಲ್ಲ. ಹೊಳೆಯ ಆಚೆ ಈಚೆ ಜಿಲ್ಲೆಗಳು ಬೇರೆಯಾದರೂ ಹರಿಗೋಲು ಎರಡೂ ದಂಡೆಗೆ ಸಲ್ಲುವಂತೆ ಇದು ಸಲ್ಲುತ್ತದೆ. ಆದರೆ ಹರಿಗೋಲು ದಾಟುವುದಕ್ಕೆ, ವಾಸಕ್ಕಲ್ಲ. ಬರೆಯುವ ನಡುವೆ ಕಿತ್ತರೆ ಕಡತಗಳು ಕೆಡುವ ಸಂಭವವು ಇದರಲ್ಲಿ ಹೆಚ್ಚು. ‘ಇಜೆಕ್ಟ್’ ಮಾಡಿಯೇ ತೆಗೆಯತಕ್ಕದ್ದು. ಇನ್ನು ಒಂದೇ ಮನೆಯಲ್ಲಿ ಎರಡು ಯಂತ್ರಗಳಿದ್ದರೆ ಡಿಸ್ಕನ್ನು ಹೊರುವುದೂ ಬೇಡ. ಸಾಂಬಾ ಎಂಬ ತಂತ್ರಾಂಶವು ವೈಫೈ ಮೂಲಕವೇ ಒಂದರ ಕಡತವನ್ನು ಇನ್ನೊಂದಕ್ಕೆ ತೋರಿಸುತ್ತದೆ. ಕಡತದ ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನಾಗಲಿ ವಿವರಣ ಚಿಹ್ನೆಯನ್ನಾಗಲಿ ಇಡಬಾರದು. ಲಿನಕ್ಸು ಒಪ್ಪಿದರೂ ವಿಂಡೋಸು ಒಪ್ಪದು.

ತಂಗಿಯು ಡಿಸ್ಕನ್ನು ಮರಳಿ ಕಳುಹಿಸಿದಳು. ಮಗನು ಎಕ್ಸ್‌ಫ್ಯಾಟ್ ಮಾಡಿದ ಪೆನ್ ಡ್ರೈವಿಗೆ ಪದಗಳನ್ನು ನಕಲಿಸಿ ಕೊಟ್ಟನು. ಈಗ ಅವಳ ಮನೆಯಲ್ಲಿ ಒಂದು ಪ್ರತಿ, ನಮ್ಮಲ್ಲಿ ಎರಡು. ಓಲೆಯು ಶಿಥಿಲವಾಗುವ ಮೊದಲೇ ಹೊಸ ಓಲೆಗೆ, ಬೇಕಾದರೆ ಹೊಸ ಲಿಪಿಗೆ, ಪ್ರತಿಮಾಡಿದ ಹಿರಿಯರಿಂದಲೇ ನಮಗೆ ವಿದ್ಯೆಯು ದಕ್ಕಿದೆ. ಲಿಪಿಕಾರನ ಆ ಕೆಲಸವು ಇಂದು ಪ್ರತಿಯೊಬ್ಬ ಗೃಹಸ್ಥನ ಪಾಲಿಗೆ ಬಂದಿದೆ.