ತಪ್ಪಿದ ತಾರೀಖು

ಯಂತ್ರವು ಸುಳ್ಳಾಡದೆಂಬುದು ನಮ್ಮೆಲ್ಲರ ನಂಬಿಕೆ. ನನ್ನ ಮಟ್ಟಿಗೆ ಈ ನಂಬಿಕೆಯು ಕಳೆದ ಬೇಸಿಗೆಯ ರಜೆಯಲ್ಲಿ ಸಡಿಲವಾಯಿತು.

ನನ್ನ ಅಜ್ಜಿಯವರು 2016ರಲ್ಲಿ ತೀರಿಕೊಂಡರು. ಅವರ ಭಾವಚಿತ್ರಗಳನ್ನೆಲ್ಲ ಕಾಲಕ್ರಮದಲ್ಲಿ ಜೋಡಿಸಿಕೊಡೆಂದು ತಾಯಿಯವರು ಹೇಳಿದರು. ಗಣಕಯಂತ್ರದಲ್ಲಿ ತೆರೆದಾಗ ಮೊದಲನೆಯ ಚಿತ್ರವೇ ನನ್ನನ್ನು ಬೆರಗುಗೊಳಿಸಿತು. ಕಾಚಿಗುಡ ರೈಲು ನಿಲ್ದಾಣದಲ್ಲಿ ಅಜ್ಜಿಯವರು ನಾಲ್ಕು ವರ್ಷದ ನನ್ನ ಕೈ ಹಿಡಿದು ನಿಂತಿದ್ದಾರೆ. ದಿನಾಂಕ ಮಾತ್ರ 2008ರ ಜನವರಿ 3! ನಾನು ಹುಟ್ಟಿದ್ದೇ 2010ರಲ್ಲಿ.

ತಂದೆಯವರು ಕಾರಣವನ್ನು ವಿವರಿಸಿದರು. ಕ್ಯಾಮರಾದೊಳಗೆ ಒಂದು ಗಡಿಯಾರವುಂಟು. ಬ್ಯಾಟರಿಯು ಬಹುಕಾಲ ಬರಿದಾಗಿದ್ದರೆ ಅದು ನಿಂತುಹೋಗಿ, ಮತ್ತೆ ಶಕ್ತಿ ದೊರೆತಾಗ ತಯಾರಕರು ಗೊತ್ತುಮಾಡಿದ ಒಂದು ದಿನದಿಂದ ಎಣಿಕೆಯನ್ನು ಆರಂಭಿಸುತ್ತದೆ. ನಾವು ತಾರೀಖನ್ನು ತಿದ್ದದಿದ್ದರೆ ಆ ತಪ್ಪೇ ಪ್ರತಿಯೊಂದು ಚಿತ್ರದ ಕಡತದಲ್ಲಿಯೂ ದಾಖಲಾಗುತ್ತದೆ. ಹೀಗೆ ದಾಖಲಿಸುವ ಕ್ರಮಕ್ಕೆ ಎಕ್ಸಿಫ್ ಎಂದು ಹೆಸರು. ಇದು 1995ರಲ್ಲಿ ರೂಪುಗೊಂಡಿತು. ಆದರೆ ಗಡಿಯಾರದ ನಡಿಗೆ ಸರಿಯಾಗಿಯೇ ಇರುವುದರಿಂದ ಎಲ್ಲ ಚಿತ್ರಗಳಲ್ಲಿಯೂ ತಪ್ಪಿನ ಅಂತರ ಒಂದೇ. ಒಂದರ ನಿಜವಾದ ಕಾಲ ತಿಳಿದರೆ ಉಳಿದವುಗಳದೂ ತಿಳಿದಂತೆಯೇ.

"ನಿಮ್ಮ ಅಜ್ಜಿಯ ಹೊಲದ ಹಳೆಯ ಪತ್ರದಲ್ಲಿ ಫಸಲಿ ವರ್ಷವನ್ನು ನೋಡಿಲ್ಲವೇ? ನಿಜಾಮರ ಕಾಲದ ಆ ಲೆಕ್ಕಕ್ಕೆ ಸುಮಾರು 590 ಕೂಡಿಸಿದರೆ ನಮ್ಮ ಇಸವಿ ದೊರೆಯುತ್ತದೆ. ಇದೂ ಹಾಗೆಯೇ" ಎಂದರು.

ಅಜ್ಜಿಯವರ ಭಜನೆಯ ಪುಸ್ತಕದಲ್ಲಿ ಆ ಪ್ರಯಾಣದ ಟಿಕೆಟು ಸಿಕ್ಕಿತು: 2014ರ ಮೇ 10. ಚಿತ್ರದ ಮೂಲೆಯಲ್ಲಿದ್ದ ನಿಲ್ದಾಣದ ಗಡಿಯಾರವು 18:40 ಎಂದು ತೋರಿಸುತ್ತಿತ್ತು. ಕ್ಯಾಮರಾ ಬರೆದುಕೊಂಡದ್ದು ಬೆಳಗಿನ 9:05. ಅಂತರವು 2319 ದಿನ, 9 ಗಂಟೆ, 35 ನಿಮಿಷ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶದ ಮೂಲಕ ಆ ಅಂತರವನ್ನು ಎಲ್ಲ ಚಿತ್ರಗಳಿಗೂ ಒಮ್ಮೆಗೇ ಕೂಡಿಸಿದೆ. ವರ್ಷ, ತಿಂಗಳು, ದಿನ, ವೇಳೆ ಎಂಬ ಕ್ರಮದಲ್ಲಿ ಅವುಗಳಿಗೆ ಹೊಸ ಹೆಸರುಗಳನ್ನೂ ಇಡಿಸಿದೆ. ಹೀಗೆ ಹೆಸರಿಟ್ಟರೆ ಚಿತ್ರಗಳು ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ.

ನನ್ನ ಹೆಮ್ಮೆಯು ಕ್ಷಣಕಾಲವೂ ನಿಲ್ಲಲಿಲ್ಲ. ಅದೇ ಕಪಾಟಿನಂತಿದ್ದ ಆ ಕಡತಕೋಶದಲ್ಲಿ ತಂದೆಯವರ ಮೊಬೈಲಿನ ಚಿತ್ರಗಳೂ ಇದ್ದವು. ಅವುಗಳ ತಾರೀಖು ಮೊದಲೇ ಸರಿಯಾಗಿತ್ತು. ನಾನು ಕೂಡಿಸಿದ ಅಂತರದಿಂದ ಅವು 2020ರ ಸೆಪ್ಟೆಂಬರಿಗೆ ಹಾರಿದ್ದವು. ತೀರಿಕೊಂಡ ನಾಲ್ಕು ವರ್ಷಗಳ ಮೇಲೆ ಅಜ್ಜಿಯವರು ನಗುತ್ತ ಕುಳಿತಿದ್ದರು! ಯಂತ್ರದ ತಪ್ಪನ್ನು ತಿದ್ದಹೊರಟು ನಾನೇ ಸುಳ್ಳನ್ನು ಬರೆದೆನಲ್ಲಾ ಎಂದು ಮನಸ್ಸಿಗೆ ಖೇದವಾಯಿತು. ತಂದೆಯವರು ಮೂಲಚಿತ್ರಗಳ ಪ್ರತಿಯನ್ನು ಬೇರೆಯಾಗಿ ಇರಿಸಿದ್ದುದರಿಂದ ಬದುಕಿದೆ. ಎರಡನೆಯ ಸಲ ಕ್ಯಾಮರಾದ ಚಿತ್ರಗಳನ್ನಷ್ಟೇ ಪ್ರತ್ಯೇಕಿಸಿ ತಿದ್ದಿದೆ.

ಕೊನೆಗೆ ಹನ್ನೊಂದು ಚಿತ್ರಗಳು ಉಳಿದವು. ಬ್ಯಾಟರಿಯು ಮತ್ತೊಮ್ಮೆ ಬರಿದಾದ ಬಳಿಕ ತೆಗೆದ ಅವುಗಳಿಗೆ ಟಿಕೆಟಿನ ಸಾಕ್ಷ್ಯವೂ ಇಲ್ಲ, ಗಡಿಯಾರದ ಸಾಕ್ಷ್ಯವೂ ಇಲ್ಲ. ಒಂದರಲ್ಲಿ ಅಜ್ಜಿಯವರು ಅವರೆಕಾಯಿ ಸುಲಿಯುತ್ತಿದ್ದಾರೆ, ಚಳಿಗಾಲವಿರಬಹುದು, ಅಷ್ಟೆ. ಅಂದಾಜಿನ ತಾರೀಖನ್ನು ಹಾಕಲೇ ಎಂದು ಕೇಳಿದೆ.

"ಬೇಡ. ತಿಳಿಯದುದನ್ನು ತಿಳಿಯದೆಂದೇ ಬರೆ" ಎಂದರು ತಾಯಿಯವರು.

ಹಾಗೆಯೇ ಬರೆದೆ. ಆ ಸಂಜೆ ಅವರು ಚಿತ್ರಗಳನ್ನು ಒಂದೊಂದಾಗಿ ನೋಡುತ್ತ ಬಂದರು. ಕಾಚಿಗುಡದ ಚಿತ್ರ ಬಂದಾಗ ಬಹಳ ಹೊತ್ತು ಸುಮ್ಮನಿದ್ದರು.

"ಅಮ್ಮ ಊರಿಗೆ ಕಡೆಯ ಸಲ ಹೋದದ್ದು ಅಂದೇ" ಎಂದರು.

ತಾರೀಖೆಂದರೆ ಬರಿಯ ಅಂಕಿಯಲ್ಲವೆಂಬುದು ನನಗೆ ಆಗ ಅರ್ಥವಾಯಿತು.