ಮೊಳೆಯ ಮೇಲೆ ಹೆಜ್ಜೆ

ಮೊನ್ನೆ ತೀರ್ಥಹಳ್ಳಿ ಕಡೆಯ ನೆಂಟರ ಮನೆಯ ಉಪನಯನದಲ್ಲಿ ಪಾಯಸಕ್ಕೆ ಕೊಪ್ಪರಿಗೆ ಸಾಲದೆಂದು ನನ್ನನ್ನು ಅಟ್ಟಕ್ಕೆ ಹತ್ತಿಸಿದರು. ಮನೆಯ ಯಜಮಾನರೇ ಏಣಿ ಹಿಡಿದುಕೊಂಡು, "ನಿಧಾನ ಮಾರಾಯ, ನೋಡ್ಕೊಂಡು ಹತ್ತು" ಎಂದರು. ಹತ್ತುವ ಸುಖ ಅಲ್ಲಿಗೇ ಅರ್ಧ ಹೋಯಿತು. ಏಣಿ ಹಿಡಿಯಲು ಜನ, ಮೇಲೆ ಬಲ್ಬು, ಸಾಲದ್ದಕ್ಕೆ ತರಲು ಒಂದು ಸಾಮಾನು! ಅಟ್ಟಕ್ಕೆ ಹೋಗುವುದು ಏನನ್ನಾದರೂ ತರುವುದಕ್ಕೆ ಎಂದು ಇವರಿಗೆ ಯಾರು ಹೇಳಿದರೋ.

ನಮ್ಮಜ್ಜಿಯ ಅಟ್ಟದಲ್ಲಿ ಗುಮ್ಮ ಇತ್ತು. ಹಲಸಿನ ಹಪ್ಪಳದ ಡಬ್ಬಿಯೂ ಅಲ್ಲೇ ಇದ್ದದ್ದರಿಂದ ಗುಮ್ಮನ ಉದ್ಯೋಗವೇನೆಂದು ನನಗೆ ಬೇಗ ಹೊಳೆಯಿತು. ಹೆದರಬೇಕಾದದ್ದು ಹಲಗೆಗಳಿಗೆ. ಮಧ್ಯಾಹ್ನ ಅಜ್ಜಿ ಕೆಳಗೆ ಅಡ್ಡಾದಾಗ ಒಂದು ಹಲಗೆ ಕಿರುಗುಟ್ಟಿತೋ, "ಯಾರದು ಮೇಲೆ?" ಎಂಬ ಕೂಗು ಬರುತ್ತಿತ್ತು. ನಮ್ಮಣ್ಣ ಒಮ್ಮೆ ಮೇಲಿನಿಂದಲೇ "ಬೆಕ್ಕು ಕಣಜ್ಜಿ" ಎಂದು ಉತ್ತರ ಕೊಟ್ಟು ಇಬ್ಬರಿಗೂ ಬೈಸಿದ.

ಹಲಗೆಯ ಬಾಯಿ ಮುಚ್ಚಿಸಲು ಒಂದೇ ಉಪಾಯ. ಮೊಳೆಯ ತಲೆಗಳ ಸಾಲು ಹುಡುಕಬೇಕು. ಮೊಳೆ ಇದ್ದಲ್ಲಿ ಕೆಳಗೆ ತೊಲೆ ಇರುತ್ತದೆ; ತೊಲೆಯ ಮೇಲೆ ಹಲಗೆ ಬಾಗುವುದಿಲ್ಲ, ಬಾಗದಿದ್ದರೆ ಕೂಗುವುದಿಲ್ಲ. ಬರಿಗಾಲೇ ಆಗಬೇಕು. ಹೆಬ್ಬೆರಳಿಗೆ ಮೊಳೆಯ ತಣ್ಣನೆ ತಲೆ ಸಿಕ್ಕಿದ ಮೇಲೆ ಪಾದದ ಹೊರ ಅಂಚು ಊರಿ, ಮೈಭಾರವನ್ನು ಕಂತಿನಲ್ಲಿ ಇಳಿಸಬೇಕು. ಮಳೆಗಾಲದಲ್ಲಿ ಹಲಗೆ ಉಬ್ಬಿ ಬಿಗಿಯಾಗಿರುತ್ತದೆ, ಹೆಂಚಿನ ಮೇಲೆ ಮಳೆಯ ಸದ್ದೂ ಇರುತ್ತದೆ. ಅಟ್ಟಕ್ಕೆ ಅದೇ ಪ್ರಶಸ್ತ ಕಾಲ. ಆದರೆ ಶಾಲೆಯವರು ರಜೆ ಕೊಡುವುದು ಬೇಸಿಗೆಯಲ್ಲಿ, ಹಲಗೆ ಒಣಗಿ ಸಡಿಲವಾದಾಗ!

ನನ್ನ ಚಿಕ್ಕಪ್ಪನ ಮಗ ತೆವಳುವ ಪಂಥದವನು. ತೆವಳಿದರೆ ಭಾರ ಹಂಚಿಹೋಗುತ್ತದೆ ಎಂದು ಇವತ್ತಿಗೂ ಸಾಧಿಸುತ್ತಾನೆ. ಹಂಚಿಹೋಗುವುದು ನಿಜ, ಸದ್ದೂ ಹಂಚಿಹೋಗುತ್ತದೆ: ಮೊಣಕೈಗೊಂದು, ಮೊಣಕಾಲಿಗೊಂದು. ಮೇಲಾಗಿ ಅಂಗಿಯ ಎದೆಭಾಗಕ್ಕೆಲ್ಲ ಮಸಿ. ಮಸಿಯಾದ ಅಂಗಿ ತೊಟ್ಟು ಅಜ್ಜಿಯ ಮುಂದೆ ಊಟಕ್ಕೆ ಕೂರುವವನಿಗೆ ಅಟ್ಟದ ಗೊಡವೆ ಯಾಕೆ? ಹೋದದ್ದು ಯಾರಿಗೂ ತಿಳಿಯದಂತೆ ಬರುವುದೇ ಈ ವಿದ್ಯೆಯ ಮುಕ್ಕಾಲು ಪಾಲು.

ಈಗಿನ ಸಾಹಸಿಗರಿಗೆ ಇದೇ ಬೇಡವಾಗಿದೆ. ಸಕಲೇಶಪುರದಿಂದ ಸುಬ್ರಹ್ಮಣ್ಯದತ್ತ ಘಾಟಿ ಇಳಿಯುವ ರೈಲುಹಾದಿಯಲ್ಲಿ 57 ಸುರಂಗಗಳಿವೆ. ಅಲ್ಲಿ ಚಾರಣ ನಿಷಿದ್ಧ. 1989ರ ರೈಲ್ವೆ ಕಾಯ್ದೆಯ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ. ಆದರೂ ಹಳಿಯ ಮೇಲೆ ನಿಂತು ರೀಲ್ಸ್ ಮಾಡುತ್ತಾರೆ. "ಯಾರಿಗೂ ಗೊತ್ತಿಲ್ಲದ ಜಾಗ" ಎಂಬ ತಲೆಬರಹ, ಅದರ ಕೆಳಗೇ ದಾರಿ ತೋರಿಸುವ ನಕ್ಷೆ! ಇನ್ನು ಕೋಟೆಯ ಕತ್ತಲೆ ಕೋಣೆಗೆ ನುಗ್ಗಿ, ಪ್ರೇಯಸಿಯ ಹೆಸರನ್ನು ಗೋಡೆಗೆ ಕೆತ್ತಿ ಬರುವವರು. ಸಂರಕ್ಷಿತ ಸ್ಮಾರಕ ಕೆಡಿಸಿದರೆ 2010ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ ಇದೆ. ನನ್ನನ್ನು ಕೇಳಿದರೆ ಅದನ್ನು ಆ ಪ್ರೇಯಸಿಯ ಅಪ್ಪನ ಎದುರಲ್ಲೇ ವಸೂಲು ಮಾಡಬೇಕು. ಇಂಥವರಿಂದಾಗಿಯೇ ಪ್ರತಿ ಬಾಗಿಲಿಗೂ ಬೀಗ ಬಿದ್ದದ್ದು. ಹಿಂದೆ ಕಾವಲುಗಾರರು, "ಬೇಗ ನೋಡಿ ಬಾ" ಎಂದು ಬೀಡಿ ಹಚ್ಚಿಕೊಂಡು ಅತ್ತ ತಿರುಗುತ್ತಿದ್ದರು. ಈಗ ಅತ್ತ ತಿರುಗಿದರೆ ಅವರ ಬೆನ್ನೂ ವಿಡಿಯೊದಲ್ಲಿ ಬಂದು, ಕೆಲಸ ಹೋಗುತ್ತದೆ.

ಅಟ್ಟದಲ್ಲಿ ನೋಡಲು ಏನಿರುತ್ತದೆ ಎನ್ನುವವರು ಒಮ್ಮೆ ಅಲ್ಲಿ ಅಂಗಾತ ಮಲಗಬೇಕು. ಹೆಂಚುಗಳ ಹೊಟ್ಟೆ ಕಾಣುತ್ತದೆ, ಹೊಟ್ಟೆಯ ಮೇಲೆ ಕಾರ್ಖಾನೆಯ ಹೆಸರು. ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಆ ಇಸವಿಯನ್ನು ಹೆಂಚಿಗೂ ಒತ್ತುತ್ತಿದ್ದರು. ಅದು ಹೆಂಚಿನ ವಯಸ್ಸಲ್ಲ, ಕಾರ್ಖಾನೆಯದು. ಮೊದಲ ಮಹಾಯುದ್ಧದ ಹೊತ್ತಿಗೆ ಬ್ರಿಟಿಷರು ಮಿಶನ್ನಿನ ಉದ್ಯಮಗಳನ್ನು ವಶಪಡಿಸಿಕೊಂಡು, ಮುಂದೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದವು. ಹಾಗಾಗಿ ಮಿಶನ್ನಿನ ಹೆಂಚುಗಳ ನಡುವೆ ಟ್ರಸ್ಟಿನ ಹೆಂಚು ಕಂಡರೆ, ಅದು ಆಮೇಲಿನ ರಿಪೇರಿ ಎಂದು ಹೇಳಿಬಿಡಬಹುದು. ಅಜ್ಜಿಯ ಮನೆಯಲ್ಲಿ ತೆಂಗಿನಮರದ ಕಡೆಯ ಇಳಿಜಾರಿನಲ್ಲಿ ಒಂದೊಂದು ಹೆಂಚಿಗೆ ಒಂದೊಂದು ಕಾರ್ಖಾನೆ. ಎಷ್ಟು ಕಾಯಿ ಬಿದ್ದಿರಬೇಕು ಲೆಕ್ಕ ಹಾಕಿ. ಮನೆ ಕಟ್ಟಿಸಿದ ವರ್ಷದ ಬಗ್ಗೆ ದೊಡ್ಡಪ್ಪಂದಿರು ಜಗಲಿಯಲ್ಲಿ ಕೂತು ಜಗಳವಾಡುತ್ತಿದ್ದರೇ ಹೊರತು ಒಬ್ಬರೂ ಮೇಲೆ ಹತ್ತಿ ನೋಡಲಿಲ್ಲ.

ಈಗ ಮಂಗಗಳ ಕಾಟ ತಾಳದೆ ಆ ಸೀಮೆಯಲ್ಲಿ ಹೆಂಚು ಇಳಿಸಿ ಬಣ್ಣದ ತಗಡು ಹೊದಿಸುತ್ತಿದ್ದಾರೆ. ಅವರನ್ನು ದೂರುವಂತಿಲ್ಲ, ಸೋರುವ ಮಾಡಿನಡಿ ಮಲಗುವವರು ಅವರೇ ತಾನೆ. ತಗಡಿಗೂ ಕಂಪನಿಯ ಹೆಸರು ಇರುತ್ತದೆ ಎಂದು ಚಿಕ್ಕಪ್ಪನ ಮಗ ಸಮಾಧಾನ ಹೇಳಿದ. ಹೋಗಿ ನೋಡಿದೆ. ಹೆಸರೇನೋ ಇತ್ತು, ಆದರೆ ಬಸ್ಸಿನಲ್ಲಿ ಹೋಗುವವರಿಗೂ ಕಾಣುವಂತೆ ಹೊರಮೈಗೆ ಹೊಡೆದಿದ್ದರು.