ಕಿರುಗುಟ್ಟುವ ಬ್ರೇಕು ಮತ್ತು ಅಪ್ಪನ ಕೀಲೆಣ್ಣೆ



ಈ ಸಲ ನನ್ನದೇ ಒಂದು ತಪ್ಪಿನ ಕಥೆ ಬರೆಯುತ್ತಿದ್ದೇನೆ. ನಿಮ್ಮ ತಪ್ಪುಗಳನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತಿಸಿದವನು ತನ್ನ ತಪ್ಪನ್ನು ಮುಚ್ಚಿಡುವುದು ನ್ಯಾಯವಲ್ಲ.

ನಮ್ಮ ಗರಗ ತ್ರಿವರ್ಣ ಧ್ವಜದ ಖಾದಿ ಬಟ್ಟೆಗೆ ಹೆಸರಾದ ಊರು. ರಾಟಿ, ಮಗ್ಗ, ಚಕ್ಕಡಿಗಳ ಸದ್ದಿನಲ್ಲೇ ಬೆಳೆದವರು ನಾವು. ರಾಟಿ ಕಿರುಗುಟ್ಟಿದರೆ ಕದಿರಿಗೆ ಎಣ್ಣೆ, ಚಕ್ಕಡಿ ಕಿರುಗುಟ್ಟಿದರೆ ಅಚ್ಚಿಗೆ ಕೀಲೆಣ್ಣೆ. "ಗಾಲಿ ಅಳಾಕತ್ತಾವ, ಎಣ್ಣಿ ಕುಡಸೋ ತಮ್ಮಾ" ಎಂದು ಅಪ್ಪ ಹೇಳುತ್ತಿದ್ದರು. ಆ ಮಾತು ನನ್ನ ಮನಸ್ಸಿನಲ್ಲಿ ವೇದವಾಕ್ಯದಂತೆ ನಿಂತುಬಿಟ್ಟಿತ್ತು.

ಕಳೆದ ಮಳೆಗಾಲದಲ್ಲಿ ನಮ್ಮ ಹಳೆಯ ಆಲ್ಟೊ ಕಾರಿನ ಬ್ರೇಕು ಒತ್ತಿದಾಗಲೆಲ್ಲ ಮುಂದಿನ ಎಡಗಾಲಿ ಕಿವಿ ಸೀಳುವಂತೆ ಕಿರುಚತೊಡಗಿತು. ಮರುದಿನ ಮನೆಯವರನ್ನು ಕಣ್ಣಿನ ತಪಾಸಣೆಗೆಂದು ಧಾರವಾಡಕ್ಕೆ ಕರೆದೊಯ್ಯಬೇಕಾಗಿತ್ತು. "ಓಣಿಯ ಜನರೆಲ್ಲ ತಿರುಗಿ ನೋಡ್ತಾರ್ರೀ, ಏನರೆ ಮಾಡ್ರಿ" ಎಂದಳು. ನಾನು ಹೊಲಿಗೆ ಯಂತ್ರದ ಎಣ್ಣೆಯ ಡಬ್ಬಿಯನ್ನು ತಂದು, ಗಾಲಿಯ ಸಂದಿಯೊಳಗೆ ಅದರ ಮೂತಿಯನ್ನು ತೂರಿಸಿ, ಸದ್ದು ಬರುತ್ತಿದ್ದ ಜಾಗಕ್ಕೆ ಧಾರಾಳವಾಗಿ ಎಣ್ಣೆ ಬಿಟ್ಟೆ. ಅಂಗಳದಲ್ಲಿ ನಾಲ್ಕು ಮಾರು ಮುಂದೆ ಹಿಂದೆ ಚಲಿಸಿ ನೋಡಿದೆ. ಸದ್ದು ಮಾಯವಾಗಿತ್ತು! ಅಂದು ರಾತ್ರಿ ನೆಮ್ಮದಿಯಿಂದ ಮಲಗಿದೆ.

ಮರುದಿನ ಬೆಳಿಗ್ಗೆ ಓಣಿಯ ತಿರುವಿನಲ್ಲಿ, ಹಾಲಿನ ತಂಬಿಗೆ ಹಿಡಿದಿದ್ದ ಹುಡುಗನೊಬ್ಬ ಎದುರಿಗೆ ಅಡ್ಡ ಬಂದ. ಬ್ರೇಕು ಒತ್ತಿದೆ. ಕಾರು ನಿಲ್ಲಲಿಲ್ಲ. ಬಲಕ್ಕೆ ಎಳೆದುಕೊಂಡು ಹೋಗಿ ಕಣಿಕೆಯ ಬಣವೆಗೆ ಗುದ್ದಿ ನಿಂತಿತು. ಹುಡುಗನಿಗೆ ಏನೂ ಆಗಲಿಲ್ಲ, ತಂಬಿಗೆಯ ಹಾಲು ಮಾತ್ರ ಚೆಲ್ಲಿತು. ವೇಗ ಸ್ವಲ್ಪ ಹೆಚ್ಚಾಗಿದ್ದರೆ ಏನಾಗುತ್ತಿತ್ತೆಂದು ನೆನೆದರೆ ಇಂದಿಗೂ ಕೈ ನಡುಗುತ್ತದೆ.

ಧಾರವಾಡದಲ್ಲಿ ಗ್ಯಾರೇಜು ಇಟ್ಟಿರುವ ನನ್ನ ಶಿಷ್ಯನೊಬ್ಬನಿದ್ದಾನೆ. ಹೆಸರು ಬರೆಯಬೇಡಿರೆಂದು ಕೇಳಿಕೊಂಡಿದ್ದಾನೆ. ಫೋನಿನಲ್ಲಿ ಸಂಗತಿ ಕೇಳಿದೊಡನೆ, "ಸರ್, ಬ್ರೇಕಿಗೆ ಎಣ್ಣಿ ಹಾಕಿದ್ರೇನ್ರಿ! ಗಾಡಿ ಹೊರಗ ತಗೀಬ್ಯಾಡ್ರಿ, ರವಿವಾರ ನಾನ ಬರ್ತೀನ್ರಿ" ಎಂದ.

ರವಿವಾರ ಬಂದವನು ಪಾನಾ ಹಿಡಿಯುವ ಮೊದಲು ನನಗೆ ಪ್ರಶ್ನೆ ಕೇಳತೊಡಗಿದ. ಸದ್ದು ಯಾವಾಗ ಬರುತ್ತಿತ್ತು? ಮಳೆ ಬಂದ ಮರುದಿನ ಬೆಳಿಗ್ಗೆ ಮಾತ್ರವೇ? ಹಾಗಾದರೆ ಡಿಸ್ಕಿನ ಮೇಲಿನ ತೆಳು ತುಕ್ಕು ಕಾರಣ, ನಾಲ್ಕು ಸಲ ಬ್ರೇಕು ಒತ್ತಿದರೆ ತಾನೇ ಹೋಗುತ್ತದೆ. ಬ್ರೇಕು ಒತ್ತದಿದ್ದರೂ ಬರುತ್ತಿತ್ತೇ? ಹಾಗಾದರೆ ಪ್ಯಾಡು ಹಿಂದೆ ಸರಿಯದೆ ಅಂಟಿಕೊಂಡಿರಬಹುದು. ಕಿರುಚದೆ ಕರಕರ ಎಂದು ಕೆರೆಯುತ್ತಿತ್ತೇ? ಹಾಗಿದ್ದರೆ ಪ್ಯಾಡು ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ, ಗಾಡಿ ಓಡಿಸಲೇಬಾರದು. ಇದಾವುದನ್ನೂ ನಾನು ಗಮನಿಸಿರಲಿಲ್ಲ. ಸದ್ದು ನಿಲ್ಲಬೇಕೆಂಬುದಷ್ಟೇ ನನ್ನ ತಲೆಯಲ್ಲಿತ್ತು.

ಸದ್ದು ಹುಟ್ಟುವುದಾದರೂ ಹೇಗೆ ಎಂದು ಕೇಳಿದಾಗ ಅವನು ನಕ್ಕ. "ಸರ್, ಖಡು ಫಳಿ ಮ್ಯಾಲೆ ಚೀರತಿತ್ತಲ್ರಿ, ಹಂಗರಿ." ನೆನಪಿದೆಯೇ ನಿಮಗೆ? ಸೀಮೆಸುಣ್ಣವನ್ನು ನೆಟ್ಟಗೆ ಹಿಡಿದು ಎಳೆದರೆ ತರಗತಿಯೆಲ್ಲ ಕಿವಿ ಮುಚ್ಚಿಕೊಳ್ಳುತ್ತಿತ್ತು. ಅದು ಹಲಗೆಗೆ ಅಂಟಿ, ಜಾರಿ, ಮತ್ತೆ ಅಂಟಿ, ಸೆಕೆಂಡಿಗೆ ಸಾವಿರಾರು ಸಲ ಕಂಪಿಸುತ್ತದೆ. ಪಿಟೀಲಿನ ತಂತಿ ಕಮಾನಿಗೆ ನುಡಿಯುವುದೂ ಈ ತತ್ವದಿಂದಲೇ. ಸೀಮೆಸುಣ್ಣವನ್ನು ಮುರಿದರೆ ಅಥವಾ ಓರೆಯಾಗಿ ಹಿಡಿದರೆ ಚೀರು ನಿಲ್ಲುತ್ತಿತ್ತು. ಎಷ್ಟೋ ವರ್ಷ ಕೈಯಲ್ಲೇ ಹಿಡಿದಿದ್ದ ಪಾಠ ನನಗೆ ಹೊಳೆದಿರಲಿಲ್ಲ!

ಸಮತಟ್ಟಾದ ನೆಲದಲ್ಲಿ ಕಾರು ನಿಲ್ಲಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಜ್ಯಾಕಿನಿಂದ ಎತ್ತಿ, ಬರಿಯ ಜ್ಯಾಕನ್ನು ನಂಬದೆ ಕೆಳಗೆ ಸ್ಟ್ಯಾಂಡನ್ನೂ ಇಟ್ಟು ಗಾಲಿ ಬಿಚ್ಚಿದ. ಒಳಗಿನ ಧೂಳನ್ನು ಊದಲು ಬಾಗಿದ ನನ್ನನ್ನು ತಡೆದ. ಹಳೆಯ ಬ್ರೇಕುಗಳಲ್ಲಿ ಕಲ್ನಾರು ಇರುತ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ವಿಷ. ಯಾವ ಬ್ರೇಕಿನ ಧೂಳನ್ನೂ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಆಮೇಲೆ ಕ್ಯಾಲಿಪರ್ ಬಿಚ್ಚಿ ತೋರಿಸಿದ. ಹೊರಗಿನ ಪ್ಯಾಡು 5 ಮಿಲಿಮೀಟರ್ ಉಳಿದಿತ್ತು, ಒಳಗಿನದು 2 ಮಾತ್ರ. 3ಕ್ಕಿಂತ ಕಡಿಮೆಯಾದರೆ ಬದಲಿಸಬೇಕಂತೆ. ಕ್ಯಾಲಿಪರು ಜಾರಬೇಕಾದ ಪಿನ್ನು ಒಣಗಿ, ತುಕ್ಕು ಹಿಡಿದು ಬಿಗಿದುಕೊಂಡಿತ್ತು. ರೋಗ ಅಲ್ಲಿತ್ತು.

ಎಣ್ಣೆ ಕುಡಿದ ಪ್ಯಾಡು ಮತ್ತೆ ಕೆಲಸಕ್ಕೆ ಬಾರದು. ಎಡಬಲ ಎರಡೂ ಗಾಲಿಗಳಿಗೆ ಹೊಸ ಪ್ಯಾಡು ಹಾಕಿದೆವು. ಒಂದೇ ಕಡೆ ಹಾಕಿದರೆ ಬ್ರೇಕಿನ ಹಿಡಿತ ಸಮನಾಗಿರುವುದಿಲ್ಲ. ಡಿಸ್ಕಿನ ಜಿಡ್ಡನ್ನು ಬ್ರೇಕ್ ಕ್ಲೀನರಿನಿಂದ ತೊಳೆದೆವು. ಕೊನೆಗೆ ಅವನು ಸಣ್ಣ ಟ್ಯೂಬೊಂದನ್ನು ತೆಗೆದು, ಕಾವು ತಾಳುವ, ರಬ್ಬರನ್ನು ಕೆಡಿಸದ ಗ್ರೀಸನ್ನು ಆ ಪಿನ್ನಿಗೆ ಮಾತ್ರ ತೆಳುವಾಗಿ ಸವರಿದ. "ನಿಮ್ಮ ಅಪ್ಪಾರ ಮಾತು ಖರೇನ ಐತ್ರಿ ಸರ್. ಆದ್ರ ಎಣ್ಣಿ ಇಲ್ಲಿಗೆ, ಅಲ್ಲಿಗಲ್ಲ." ಹೊರಡುವ ಮುನ್ನ ಪೆಡಲು ಗಟ್ಟಿಯಾಗುವವರೆಗೆ ಹಲವು ಸಲ ಒತ್ತಿಸಿದ, ಹಾಗೆ ಮಾಡದಿದ್ದರೆ ಮೊದಲ ಬ್ರೇಕು ಹಿಡಿಯುವುದೇ ಇಲ್ಲವಂತೆ.

ಅಪ್ಪನ ಚಕ್ಕಡಿಗೆ ಘರ್ಷಣೆ ಶತ್ರು, ಬ್ರೇಕಿಗೆ ಅದೇ ಪ್ರಾಣ. ಕಿರುಚಾಟ ಒಂದೇ ಬಗೆಯದಾದರೂ ಔಷಧ ಬೇರೆ. ಸದ್ದು ನಿಂತಿತೆಂದು ರೋಗ ವಾಸಿಯಾಯಿತೆಂದು ತಿಳಿದೆ. ಗದ್ದಲ ಮಾಡಿದ ಹುಡುಗನನ್ನು ಏಕೆಂದು ಕೇಳದೆ ಗದರಿ ಕೂರಿಸಿದ ದಿನಗಳೂ ನೆನಪಾದವು. ಅಂಥವರಲ್ಲಿ ಈ ಶಿಷ್ಯನೂ ಒಬ್ಬ. ಬೆಂಚಿನ ಮೊಳೆಗಳನ್ನು ಕೀಳುತ್ತಾನೆಂದು ಹೊರಗೆ ನಿಲ್ಲಿಸುತ್ತಿದ್ದೆ. ಅಂದು ಅದನ್ನು ಹೇಳಿ ಕ್ಷಮೆ ಕೇಳಿದಾಗ, "ಬಿಡ್ರಿ ಸರ್, ಹೊರಗ ನಿಂತಾಗ ನಿಮ್ಮ ಸೈಕಲ್ಲ ನೋಡ್ತಿದ್ದೆ" ಎಂದು ಚಹಾ ಕುಡಿದು ಹೊರಟ.

ಹಾಲು ಚೆಲ್ಲಿಕೊಂಡ ಹುಡುಗ ಈಗ ನಮ್ಮ ಕಾರು ಕಂಡರೆ ಗೋಡೆಗೆ ಒತ್ತಿ ನಿಲ್ಲುತ್ತಾನೆ. ನಾನೂ ದೂರದಲ್ಲೇ ಬ್ರೇಕು ಒತ್ತುತ್ತೇನೆ.

ನಿಮ್ಮ ಗಾಡಿಯ ಬ್ರೇಕು ಕಿರುಚಿದರೆ ಎಣ್ಣೆಯ ಡಬ್ಬಿಯನ್ನು ಮುಟ್ಟಬೇಡಿ, ತಿಳಿದವರಿಗೆ ತೋರಿಸಿ.